ಅತ್ತೆಯ ಕಾಲಿಗೊಂದು ಪ್ರಾಣಿ

ನೀವು ಕಳಿಸಿದ ಪ್ರಾಣಿಗಳೆಲ್ಲ ಬಂದು ತಲುಪಿವೆ.

ಒಟ್ಟು ಹನ್ನೊಂದು ಕಾಗದ. ಹಾನಗಲ್ಲಿನ ನಮ್ಮ ಓಣಿಗೆ ಬರುವ ಟಪಾಲಿನವ ಸೋಮವಾರ ಬಾಗಿಲಲ್ಲಿ ನಿಂತು, "ಏನ್ರಿ ಅಕ್ಕಾರ, ಮನಿಯಾಗ ಲಗ್ನ ಹಿಡದೀರೇನು?" ಎಂದು ಕೇಳಿದ. ಲಗ್ನವಲ್ಲಪ್ಪ, ಕಾಡು ಹಿಡಿದಿದ್ದೇವೆ ಎಂದೆ. ಅವನಿಗೆ ಅರ್ಥವಾಗಲಿಲ್ಲ. ನಿಮಗೆ ಆಗುತ್ತದೆ.

ಹಿರೇಕೆರೂರಿನ ಓದುಗರೊಬ್ಬರು ಕಪ್ಪೆಯನ್ನು ಸೂಚಿಸಿದ್ದಾರೆ. (ಯಾವ ದೇವರೂ ಕಪ್ಪೆಯ ಮೇಲೆ ಕೂತದ್ದಿಲ್ಲ ಎಂದು ವಿಚಾರ ಮಾಡಿಯೇ ಬರೆದಿದ್ದಾರೆ.) ಶಿಗ್ಗಾವಿಯಿಂದ ಒಂದು ಕರಡಿ ಬಂದಿದೆ. ಚಿಕ್ಕೇರೂರಿನ ಒಬ್ಬ ಹುಡುಗಿ ಏಡಿ ಮಾಡಿರಿ ಎನ್ನುತ್ತಾಳೆ. ಅದಕ್ಕೆ ಕಾಲು ಬಹಳ, ಆದ್ದರಿಂದ ಕಾಲಿನ ಕಷ್ಟ ಅದಕ್ಕೇ ಹೆಚ್ಚು ಗೊತ್ತಂತೆ. ಎಂಥ ಮಾತು! ಈ ಹುಡುಗಿ ಮುಂದೆ ವಕೀಲಳಾಗಲಿ.

ಎಲ್ಲ ಕಾಗದಗಳಲ್ಲೂ ನಗು ತುಂಬಿದೆ. ನಗಿಸಿದವಳು ನಾನೇ. ಈ ವಾರ ನಿಮ್ಮ ಮುಂದೆ ಕೂತಿರುವುದು ಒಂದು ತಪ್ಪನ್ನು ಒಪ್ಪಿಕೊಳ್ಳುವುದಕ್ಕೆ.

ಈ ಅಂಕಣದ ಹಿಂದಿನ ಬರಹ ಓದದೇ ಇದ್ದವರಿಗಾಗಿ ಆ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ.

ನಮ್ಮ ಮನೆಯಲ್ಲಿ ನಾವು ನಾಲ್ವರು. ನಾನು, ಕನ್ನಡ ಸಾಲಿಯ ಮಾಸ್ತರರಾದ ನಮ್ಮವರು, ಐದು ವರ್ಷದ ಮಗಳು ಗಿರಿಜಾ, ಮತ್ತು ಅರವತ್ತು ದಾಟಿದ ನನ್ನ ಅತ್ತೆ ಗಂಗವ್ವ. ನನಗೆ ಕೊಕ್ಕೆಕಡ್ಡಿಯಿಂದ ಉಣ್ಣೆ ಹೆಣೆಯುವ ಹುಚ್ಚು. ಶಿಗ್ಗಾವಿಯ ತವರಿನಲ್ಲಿದ್ದಾಗ ಸಾಲಿಯ ಅಕ್ಕೋರು ಕಲಿಸಿದ್ದು. ಈಗ ಯುದ್ಧದ ದೆಸೆಯಿಂದ ಅಂಗಡಿಯಲ್ಲಿ ಬಣ್ಣದ ಉಲನ್ ಕಣ್ಣಿಗೂ ಬೀಳುವುದಿಲ್ಲ, ಎಲ್ಲ ಸಿಪಾಯಿಗಳ ಕಾಲಚೀಲಕ್ಕೆ ಹೋಗುತ್ತದೆ. ನಾನು ಸೋಲುವವಳೇ? ಸಂತೆಗೆ ಕಂಬಳಿ ತರುವ ಕುರುಬರ ಮುದುಕಿಯೊಬ್ಬಳ ಹತ್ತಿರ ಕೈಯಲ್ಲಿ ನೂತ ನೂಲು ಕೊಂಡು, ಅಂಟವಾಳದ ನೊರೆಯಲ್ಲಿ ಮೂರು ಸಲ ತೊಳೆದು ಮೆತ್ತಗೆ ಮಾಡಿಕೊಂಡೆ. ಕಡ್ಡಿ ಮುರಿದಿತ್ತು. ನಮ್ಮವರು ಹಳೆಯ ಸೈಕಲ್ಲಿನ ಒಂದು ಕಡ್ಡಿಯನ್ನು ಕಿತ್ತು, ತುದಿ ಉಜ್ಜಿ ಕೊಕ್ಕೆ ಮಾಡಿಕೊಟ್ಟರು. ಸೈಕಲ್ಲು ಅಂದಿನಿಂದ ಸ್ವಲ್ಪ ಓಲಾಡುತ್ತದೆ. ಸಂಸಾರವೆಂದರೆ ಇಷ್ಟೇ.

ಮೊದಲು ಗಿರಿಜಾಳಿಗೆ ಒಂದು ಜೊತೆ ಹೆಣೆದೆ. ಮನೆಯೊಳಗೆ ಹಾಕಿಕೊಳ್ಳುವ ಉಣ್ಣೆಯ ಚಪ್ಪಲಿ. ಮುಂದೆ ಮೊಲದ ಮುಖ, ಎರಡು ಉದ್ದ ಕಿವಿ, ಕಣ್ಣಿಗೆ ಅವರಪ್ಪನ ಹರಿದ ಅಂಗಿಯ ಗುಂಡಿ. ತಳಕ್ಕೆ ಹಳೆಯ ಕಂಬಳಿಯ ತುಂಡು. ಅದನ್ನು ಹಾಕಿಕೊಂಡು ಅವಳು ಓಣಿಯ ತುಂಬ ಕುಣಿದಳು. ಮರುದಿನವೇ ಆಚೆಮನೆ ಈಚೆಮನೆಗಳಿಂದ ಆರ್ಡರು. ಒಂದು ಬೆಕ್ಕು, ಎರಡು ಹುಲಿ.

ಇದನ್ನೆಲ್ಲ ನೋಡಿ ನಮ್ಮತ್ತೆ ಹೇಳಿದ್ದು ಒಂದೇ ಮಾತು: "ನನ್ನ ಸೊಸಿ ಕಾಲಿಗೂ ಕುಬಸ ಹೊಲಿಯಾಕತ್ತಾಳ ನೋಡವ್ವ."

ಅತ್ತೆ ಮನೆಯೊಳಗೆ ಬರಿಗಾಲು. ಹೊರಗೂ ಹೆಚ್ಚುಕಡಿಮೆ ಬರಿಗಾಲು. ಚಳಿಯ ದಿನ, ಕಲ್ಲುಹಾಸಿನ ನೆಲ. ಅವರಿಗೂ ಒಂದು ಜೊತೆ ಹೆಣೆಯೋಣವೆಂದು ಕಾಲಿನ ಅಳತೆ ಕೇಳಿದೆ. ಅಲ್ಲಿಂದ ಶುರುವಾಯಿತು ತಕರಾರು.

ಒಳಗೆ ಚಪ್ಪಲಿ ಮೆಟ್ಟುವುದೇ? ಮೈಲಿಗೆ ಎಂದರು. ಉಣ್ಣೆಗೆ ಮೈಲಿಗೆ ಇಲ್ಲ, ಕಂಬಳಿಯ ಮೇಲೆ ಕೂತೇ ನೀವು ಲಿಂಗಪೂಜೆ ಮಾಡುತ್ತೀರಲ್ಲ ಎಂದೆ. ಒಪ್ಪಿದರು. ಆಮೇಲೆ ಪ್ರಾಣಿಯ ಪ್ರಶ್ನೆ. ಹುಲಿ? ಶಿವ ಅದರ ಚರ್ಮದ ಮೇಲೆ ಕೂಡುತ್ತಾನೆ. ಆನೆ? ಗಣಪ್ಪನ ಮುಖದೊಳಗೆ ಕಾಲಿಡಲೇ? ಇಲಿ? ಅವನ ವಾಹನ. ಬೆಕ್ಕು? ಹೆಜ್ಜೆಹೆಜ್ಜೆಗೂ ಬೆಕ್ಕು ಅಡ್ಡ ಬಂದರೆ ನಾನು ಮುಂದೆ ಹೋಗುವುದು ಹೇಗೆ? ಆಮೆ? "ಅದು ನಮ್ಮ ದೇವರಲ್ಲ, ಆದ್ರೂ ಬಾಜೂ ಮನಿಯವರ ದೇವರು." ಮೊಲ? ಅದು ಚಂದಪ್ಪನ ತೊಡೆಯ ಮೇಲೆ ಕೂತಿದೆ.

ಇದನ್ನೇ ಬರೆದು, ದೇವರುಗಳು ಬಿಟ್ಟುಕೊಟ್ಟ ಒಂದು ಪ್ರಾಣಿ ಇದ್ದರೆ ತಿಳಿಸಿರಿ ಎಂದು ನಿಮ್ಮನ್ನು ಕೇಳಿದ್ದೆ. ಜೊತೆಗೆ ಅತ್ತೆಯವರ ಹೊಸ ‘ನೇಮ’ದ ಬಗ್ಗೆಯೂ ಒಂದು ಚಟಾಕಿ ಹಾರಿಸಿದ್ದೆ. ಎರಡು ತಿಂಗಳಿಂದ ಅವರು ತಮ್ಮ ತಾಟು, ತಂಬಿಗೆ, ಹಾಸಿಗೆ ಎಲ್ಲ ಬೇರೆ ಮಾಡಿಕೊಂಡಿದ್ದರು. ಮೊಮ್ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಳ್ಳುತ್ತಿರಲಿಲ್ಲ. "ಮುದುಕಿಯರಿಗೆ ವಯಸ್ಸಾದಂತೆ ಮಡಿ ಚಿಗುರುತ್ತದೆ" ಎಂದು ಬರೆದೆ. ಬಹಳ ಚೆನ್ನಾಗಿದೆ ಎಂದು ಆಗ ನನಗೆ ಅನಿಸಿತ್ತು.

ನಮ್ಮವರು ಅದನ್ನು ಜೋರಾಗಿ ಓದಿ ಹೇಳಿದಾಗ ಎಲ್ಲರಿಗಿಂತ ಹೆಚ್ಚು ನಕ್ಕವರು ಅತ್ತೆಯೇ. ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು.

ನಗುತ್ತಿದ್ದರೆಂದೇ ನಾನು ತಿಳಿದೆ.

ಒಂದು ಸಂಗತಿ ಅಂದೇ ನನಗೆ ಹೊಳೆಯಬೇಕಿತ್ತು. ಕೊನೆಗೆ ಬೇಸತ್ತು, ಪ್ರಾಣಿಯೇ ಬೇಡ, ಬರೀ ಚಪ್ಪಲಿ ಹೆಣೆಯುತ್ತೇನೆ ಎಂದಿದ್ದೆ. "ಮುಖ-ಮಾರಿ ಇಲ್ಲದ ಚಪ್ಪಲಿ ಏನ ಚೆಂದ? ಬ್ಯಾಡ ಬಿಡು" ಎಂದರು. ಹೌದಲ್ಲ? ಪ್ರಾಣಿ ಇದ್ದರೂ ಬೇಡ, ಇಲ್ಲದಿದ್ದರೂ ಬೇಡ. ಬೇಡವಾಗಿದ್ದದ್ದು ಪ್ರಾಣಿಯಲ್ಲ. ಅಳತೆ. ಆದರೆ ಅಂಕಣ ಬರೆಯುವವರಿಗೆ ಮಾತು ಸಿಕ್ಕಿತೆಂದರೆ ಕಣ್ಣು ಮಂಜಾಗುತ್ತದೆ.

ಅಳತೆ ಕೊಡದಿದ್ದರೆ ಕದಿಯುವುದು. ಹೀಗೆಂದು ನಾನು ಗಿರಿಜಾಳನ್ನು ಕಳ್ಳಿ ಮಾಡಿದೆ.

ಒಂದು ಮಧ್ಯಾಹ್ನ. ಅತ್ತೆ ಊಟ ಮುಗಿಸಿ ಪಡಸಾಲೆಯ ಮೂಲೆಯಲ್ಲಿ, ತಮ್ಮ ಬೇರೆ ಹಾಸಿಗೆಯಲ್ಲಿ, ಮಲಗಿದ್ದರು. ಒಳ್ಳೆಯ ನಿದ್ದೆ. ಗಿರಿಜಾಳ ಕೈಗೆ ಒಂದು ದಾರ ಕೊಟ್ಟು, ಆಯಿಯ ಹಿಮ್ಮಡದಿಂದ ಹೆಬ್ಬೆರಳಿನ ತನಕ ಹಿಡಿದು ಗಂಟು ಹಾಕಿಕೊಂಡು ಬಾ ಎಂದೆ. (ಅವಳು ಅಜ್ಜಿಯನ್ನು ಆಯಿ ಎನ್ನುತ್ತಾಳೆ.) ನಾನು ಅಡಿಗೆಮನೆಯಲ್ಲಿ ಜೋಳ ಹಸನು ಮಾಡುತ್ತ ಕೂತೆ. ನಗು ತಡೆದುಕೊಂಡಿದ್ದೆ.

ಸ್ವಲ್ಪ ಹೊತ್ತಿಗೆ ಬಂದಳು. ಒಂದು ಕೈಯಲ್ಲಿ ದಾರ. ಇನ್ನೊಂದು ಕೈ ಮುಷ್ಟಿ.

"ಅವ್ವಾ, ಆಯಿಗೆ ಕಚಗುಳೀನ ಬರೂದಿಲ್ಲ."

"ನಿದ್ದಿ ಹತ್ತಿರ್ತೈತಿ, ಅದಕ್ಕ."

"ಇಲ್ಲವ್ವಾ. ಕಾಲಾಗ ಮುಳ್ಳ ಇತ್ತು. ನಾ ಎಳದ್ನಿ. ಆದ್ರೂ ಎಚ್ಚರ ಆಗ್ಲಿಲ್ಲ ಆಯಿಗೆ."

ಮುಷ್ಟಿ ಬಿಚ್ಚಿದಳು. ಜಾಲಿಯ ಮುಳ್ಳು. ನನ್ನ ಕಿರುಬೆರಳಿನ ಅರ್ಧದಷ್ಟು ಉದ್ದ. ತುದಿ ಕಪ್ಪಾಗಿತ್ತು.

ಕೈಯಲ್ಲಿದ್ದ ಮೊರ ಕೆಳಗಿಟ್ಟೆ. ಇಷ್ಟು ದೊಡ್ಡ ಮುಳ್ಳು ಕಾಲಲ್ಲಿಟ್ಟುಕೊಂಡು ಯಾರಾದರೂ ಬೆಳಗಿನಿಂದ ಅಂಗಳ ಗುಡಿಸಿ, ನೀರು ಸೇದಿ, ಪೂಜೆ ಮಾಡಿ, ಊಟ ಮಾಡಿ ಮಲಗುತ್ತಾರೆಯೇ? ಕುಂಟಲಿಲ್ಲ. ‘ಹಾ’ ಎನ್ನಲಿಲ್ಲ.

ಪಡಸಾಲೆಗೆ ಹೋದೆ. ಅತ್ತೆಯ ಅಂಗಾಲು ನನ್ನ ಕಡೆಗಿತ್ತು. ಮದುವೆಯಾಗಿ ಎಂಟು ವರ್ಷವಾಯಿತು, ಆ ಅಂಗಾಲನ್ನು ನಾನು ನೋಡಿದ್ದು ಅದೇ ಮೊದಲು. ಮುಳ್ಳು ಕಿತ್ತ ಜಾಗದಲ್ಲಿ ಒಂದು ಹನಿ ಕೀವು. ಹಿಮ್ಮಡದ ಹತ್ತಿರ ಬೊಬ್ಬೆ ಒಡೆದು ಒಣಗಿದ ಎರಡು ಸುಟ್ಟ ಗಾಯ. ಕಿರುಬೆರಳಿನ ಬುಡಕ್ಕೆ ಹಳೆಯ ಸೀರೆಯ ಒಂದು ಚಿಂದಿಯನ್ನು ಸುತ್ತಿಕೊಂಡಿದ್ದರು.

ನನ್ನ ನೆರಳು ಬಿದ್ದದ್ದಕ್ಕೋ ಏನೋ ಕಣ್ಣು ಬಿಟ್ಟರು. ತಟ್ಟನೆ ಕಾಲು ಸೀರೆಯೊಳಗೆ ಹೋಯಿತು.

"ನೋಡಿದೇನು?"

"ನೋಡಿದೆ ಅತ್ತೀ."

"ತಮ್ಮಗ ಹೇಳಬ್ಯಾಡ."

ಮಗನನ್ನು ಅವರು ತಮ್ಮ ಎನ್ನುತ್ತಾರೆ. ನಾನು ಹತ್ತಿರ ಕೂಡಲು ಹೋದೆ. ಕೈ ಮುಂದೆ ಮಾಡಿ ತಡೆದರು. "ಅಲ್ಲೇ ಕುಂದ್ರು, ಶಾಂತಾ. ಹತ್ತಿರ ಬರಬ್ಯಾಡ. ಹುಡುಗಿ ಎಲ್ಲಿ? ನನ್ನ ಮುಟ್ಟಿದಳೇನು? ಕೈ ತೊಳಿಸು ಮೊದಲ. ಬೂದಿ ಹಚ್ಚಿ ತೊಳಿಸು."

ಆಗ ಗೊತ್ತಾಯಿತು ನನಗೆ. ತಾಟು ಯಾಕೆ ಬೇರೆಯಾಯಿತು, ಹಾಸಿಗೆ ಯಾಕೆ ಮೂಲೆಗೆ ಹೋಯಿತು, ತೊಡೆ ಏರಲು ಬಂದ ಮೊಮ್ಮಗಳನ್ನು ಯಾಕೆ ದೂರ ತಳ್ಳುತ್ತಿದ್ದರು. ಎರಡು ತಿಂಗಳಿಂದ ಈ ಹೆಂಗಸು ನಮ್ಮೆಲ್ಲರನ್ನೂ ಕಾಪಾಡುತ್ತಿದ್ದರು. ನಾನು ಅದಕ್ಕೆ ಮಡಿ ಎಂದು ಹೆಸರಿಟ್ಟು ನಿಮ್ಮನ್ನು ನಗಿಸಿದೆ.

ಕುಷ್ಠ ಎಂಬ ಶಬ್ದವನ್ನು ನಮ್ಮ ಕಡೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ದೊಡ್ಡ ಬ್ಯಾನಿ ಎನ್ನುತ್ತಾರೆ. ಅತ್ತೆ ಅದನ್ನೂ ಹೇಳಲಿಲ್ಲ. "ಅದು ಬಂದೈತಿ" ಎಂದರು ಅಷ್ಟೆ.

"ಮೂರು ತಿಂಗಳಾತು. ಹತ್ತಿಯ ಅರಳಿ ಮ್ಯಾಲೆ ನಡದಂಗ ಆಕ್ಕೈತಿ. ಒಲಿ ಮುಂದ ಕೆಂಡ ತುಳದ್ನಿ, ವಾಸನಿ ಬಂದ ಮ್ಯಾಲೆ ಗೊತ್ತಾತು. ಕಾಲು ನಂದಲ್ಲ ಅನಸಾಕತ್ತೈತಿ."

ಡಾಕ್ಟರರಿಗೆ ತೋರಿಸೋಣ ಎಂದೆ. ತಲೆ ಅಲ್ಲಾಡಿಸಿದರು. ತೋರಿಸಿದ ಮೇಲೆ ಏನಾಗುತ್ತದೆಂದು ನನಗೆ ಗೊತ್ತು ಎಂದರು. ಆಮೇಲೆ, ನಾನು ಕೇಳದೆಯೇ, ಇಷ್ಟು ವರ್ಷ ಯಾರಿಗೂ ಹೇಳದ ಒಂದು ಮಾತು ಹೇಳಿದರು.

ಅವರ ತವರು ಹಿರೇಬೆಂಡಿಗೇರಿ. ಅವರಿಗೆ ದುಂಡವ್ವ ಎಂಬ ಅಕ್ಕ ಇದ್ದಳು. (ನಮ್ಮವರಿಗೇ ಗೊತ್ತಿರಲಿಲ್ಲ, ತಮಗೊಬ್ಬ ದೊಡ್ಡವ್ವ ಇದ್ದಳೆಂದು.) ಹದಿನಾರರ ವಯಸ್ಸಿಗೆ ಅವಳ ಬೆರಳುಗಳಲ್ಲಿ ಸ್ಪರ್ಶ ಹೋಯಿತು. ಹೊಲದ ಅಂಚಿಗೆ ಒಂದು ಗುಡಿಸಲು ಹಾಕಿ ಅವಳನ್ನು ಅಲ್ಲಿಟ್ಟರು. ದಿನಾ ಎರಡು ರೊಟ್ಟಿ, ಪಲ್ಯ ಕಟ್ಟಿಕೊಂಡು ಹೋಗಿ, ಗುಡಿಸಲಿಂದ ಇಪ್ಪತ್ತು ಹೆಜ್ಜೆ ದೂರದ ಹಾಸುಗಲ್ಲಿನ ಮೇಲೆ ಇಟ್ಟು ಬರುವ ಕೆಲಸ ಹತ್ತು ವರ್ಷದ ಗಂಗವ್ವನದು.

"ಒಂದಿನ ಅಕ್ಕ ಬಾಗಲಕ್ಕ ಬಂದು ನಿಂತ್ಲು. ಗಂಗೀ, ತಲಿ ಎಷ್ಟ ಕೆದರೈತಿ ನಿಂದು. ಹತ್ತಿರ ಬಾ, ಜಡಿ ಹೆಣದು ಕಳಸ್ತೇನಿ ಅಂದ್ಲು." ಅತ್ತೆ ಕಾಲನ್ನು ಸೀರೆಯೊಳಗೆ ಇನ್ನಷ್ಟು ಎಳೆದುಕೊಂಡರು. "ನಾ ಓಡಿ ಬಂದ್ನಿ. ರೊಟ್ಟಿನೂ ಇಡಲಿಲ್ಲ. ಗಂಟು ಕೈಯಾಗ ಹಂಗಽ ಇತ್ತು."

ಮರುವರ್ಷದ ಮಳೆಗಾಲದಲ್ಲಿ ದುಂಡವ್ವ ತೀರಿಕೊಂಡಳಂತೆ.

"ಈಗ ನೀವು ನನಗ ಎಲ್ಲಿ ಗುಡಸಲಾ ಹಾಕ್ತೀರಿ ಹೇಳು. ಹೋಗ್ತೇನಿ. ಆದ್ರ ರೊಟ್ಟಿ ತರಾಕ ಗಿರಿಜಾನ್ನ ಕಳಸಬ್ಯಾಡ."

ನಾನೀಗ ನಿಮಗೆ ಸುಳ್ಳು ಹೇಳಬಾರದು. ಆ ಹೊತ್ತು ನನ್ನ ಮನಸ್ಸು ಮೊದಲು ಹೋದದ್ದು ಅತ್ತೆಯ ಕಡೆಗಲ್ಲ. ಬಾಗಿಲಲ್ಲಿ ನಿಂತಿದ್ದ ಗಿರಿಜಾಳ ಕೈಯ ಕಡೆಗೆ. ಮುಳ್ಳು ಎಳೆದ ಕೈ. ಎದ್ದು ಹೋಗಿ ಅವಳ ಕೈ ತೊಳೆದೆ. ಎರಡು ಸಲ ತೊಳೆದೆ. ಬೂದಿ ಹಚ್ಚಿಯೇ ತೊಳೆದೆ. ಬಚ್ಚಲಲ್ಲಿ ನಿಂತು, ನಾನು ಸಾಲಿ ಕಲಿತವಳು, ವಾರವಾರ ಜನರಿಗೆ ಬುದ್ಧಿ ಹೇಳುವವಳು ಎಂದು ನೆನಪಾಗಿ ನಾಚಿಕೆಯಾಯಿತು. ಆದರೂ ತೊಳೆಯುವುದನ್ನು ನಿಲ್ಲಿಸಲಿಲ್ಲ.

ಆಮೇಲೆ ತಂಬಿಗೆಯಲ್ಲಿ ಬಿಸಿನೀರು ತಂದು ಅತ್ತೆಯ ಮುಂದೆ ಕೂತೆ.

"ಕಾಲ ಕೊಡ್ರಿ."

"ಬ್ಯಾಡಂದ್ನೆಲ್ಲ ನಿನಗ!"

"ಗಾಯ ತೊಳೀಬೇಕು. ಅಳತಿನೂ ತಗೋಬೇಕು. ನಿಮ್ಮ ಮೊಮ್ಮಗಳು ತಂದ ಅಳತಿ ಛಲೋ ಇಲ್ಲ, ಮೂರು ಗಂಟು ಹಾಕ್ಯಾಳ."

ಕೊಡಲಿಲ್ಲ. ನಾನೇ ಎಳೆದುಕೊಂಡು ತೊಡೆಯ ಮೇಲೆ ಇಟ್ಟುಕೊಂಡೆ. ದೊಡ್ಡ ಮನಸ್ಸಿನಿಂದ ಮಾಡಿದೆನೆಂದು ತಿಳಿಯಬೇಡಿರಿ. ಇಪ್ಪತ್ತು ಹೆಜ್ಜೆ ದೂರದ ಆ ಕಲ್ಲು ಕಣ್ಣ ಮುಂದಿತ್ತು, ಅದಕ್ಕೆ ಹೆದರಿ ಮಾಡಿದೆ. ಕಾಲು ತಣ್ಣಗೆ, ಹಗುರವಾಗಿ ಇತ್ತು. ತೊಳೆದು, ಅರಿಷಿಣ ಹಚ್ಚಿ, ಶುಭ್ರ ಬಟ್ಟೆ ಕಟ್ಟಿದೆ. ಅತ್ತೆ ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡಿದ್ದರು. ಕೊನೆಗೆ ಕೇಳಿದರು: "ನೀ ಈಗ ಮುಟ್ಟಾಕತ್ತೀಯೇನು? ನನಗ ಗೊತ್ತಽ ಆಗವಲ್ದು."

ಸಂಜೆ ನಮ್ಮವರಿಗೆ ಹೇಳಿದೆ. (ಹೇಳಬೇಡ ಎಂದಿದ್ದರು. ಹೇಳಿದೆ. ಕೆಲವು ಮಾತುಗಳನ್ನು ಮೀರುವುದೇ ಮರ್ಯಾದೆ.) ಅವರು ಶರ್ಟಿನ ಒಂದು ತೋಳು ಬಿಚ್ಚಿದ್ದವರು ಹಾಗೆಯೇ ಕೂತುಬಿಟ್ಟರು. ಆಮೇಲೆ ಎದ್ದು ಹೋಗಿ ಅವ್ವನ ಹಾಸಿಗೆಯ ಮೇಲೆಯೇ, ಅವರ ಪಕ್ಕಕ್ಕೇ ಕೂತರು. ಅವ್ವ ಸರಿದು ಕೂಡು ಎಂದರೂ ಸರಿಯಲಿಲ್ಲ.

ಅತ್ತೆ ಒಂದು ಕರಾರಿನ ಮೇಲೆ ಒಪ್ಪಿದರು. ಹಾನಗಲ್ಲಿನ ಡಾಕ್ಟರು ಬೇಡ. ಇಲ್ಲಿ ಬೆಳಗ್ಗೆ ಕೆಮ್ಮಿದರೆ ಮಧ್ಯಾಹ್ನ ಸಂತೆಯಲ್ಲಿ ಕೇಳಿಸುತ್ತದೆ. ಗುರುತಿಲ್ಲದ ಊರು ಬೇಕು. ಹಾಗೆ ಆಯ್ಕೆಯಾದದ್ದು ಸವಣೂರು. ಅಲ್ಲೊಬ್ಬ ವಯಸ್ಸಾದ ಡಾಕ್ಟರ್ ಸಾಹೇಬರು ಇದ್ದಾರೆ, ನಿಧಾನದ ಮನುಷ್ಯ ಎಂದು ನನ್ನ ತವರಿನವರು ಹೇಳಿದ್ದು ನೆನಪಿತ್ತು. ಓಣಿಯಲ್ಲಿ, ಸೊಸೆಯ ತವರಿಗೆ ಹೋಗಿ ಬರುತ್ತೇವೆ ಎಂದೆವು. ಗಿರಿಜಾ, ನಮ್ಮವರು ಮನೆಯಲ್ಲಿ ಉಳಿದರು.

ಇದ್ದಲಿ ಗ್ಯಾಸಿನ ಬಸ್ಸು. ಏರು ಬಂದಲ್ಲೆಲ್ಲ ನಿಂತು ಉಸಿರು ಎಳೆದುಕೊಳ್ಳುತ್ತಿತ್ತು. ಅತ್ತೆ ಹಿಂದಿನ ಸೀಟಿನ ಮೂಲೆ ಹಿಡಿದು, ನನಗೂ ತಮಗೂ ನಡುವೆ ಬುತ್ತಿಯ ಗಂಟು ಇಟ್ಟುಕೊಂಡರು. ನಾನು ಗಂಟನ್ನು ತೊಡೆಯ ಮೇಲೆ ಎತ್ತಿಕೊಂಡು ಸರಿದು ಕೂತೆ. ಅವರು ಇನ್ನಷ್ಟು ಸರಿದರು. ಶಿಗ್ಗಾವಿ ಬರುವಷ್ಟರಲ್ಲಿ ಅವರಿಗೆ ಸರಿಯಲು ಜಾಗ ಉಳಿದಿರಲಿಲ್ಲ. ರಾತ್ರಿ ತವರಿನಲ್ಲಿದ್ದು, ಬೆಳಗ್ಗೆ ಚಕ್ಕಡಿ ಮಾಡಿಕೊಂಡು ಸವಣೂರಿಗೆ ಹೋದೆವು.

ಡಾಕ್ಟರ್ ಸಾಹೇಬರ ಗಡ್ಡ ಬೆಳ್ಳಗೆ, ಮಾತು ಮೆಲ್ಲಗೆ. ಅತ್ತೆಯ ಕಣ್ಣು ಮುಚ್ಚಿಸಿ, ಒಂದು ಕೋಳಿಯ ಪುಕ್ಕದಿಂದ ಕಾಲಿನ ಮೇಲೆ ಅಲ್ಲಲ್ಲಿ ತಾಗಿಸುತ್ತ ಕೇಳಿದರು.

"ಇಲ್ಲಿ ಗೊತ್ತಾಗ್ತದೇನು ಅಮ್ಮಾ?"

"ಇಲ್ರಿ."

"ಇಲ್ಲಿ?"

"ಇಲ್ರಿ."

ಮೊಣಕಾಲಿನ ಕೆಳಗೆ ಬಂದಾಗ, "ಹೂಂರಿ, ಈಗ ಗೊತ್ತಾತು" ಎಂದರು. ಎರಡೂ ಕಾಲಿಗೆ ಹಾಗೆಯೇ. ಸಾಹೇಬರು ಮೊಣಕೈ ಹಿಂದೆ ಒತ್ತಿ ನೋಡಿದರು. ಕಿವಿ ನೋಡಿದರು. ಬೆನ್ನ ಮೇಲೆ ಎಲ್ಲಾದರೂ ಮಚ್ಚೆ ಇದೆಯೇ ಎಂದು ನನ್ನನ್ನು ನೋಡಲು ಹೇಳಿದರು. ಇರಲಿಲ್ಲ. ಆಮೇಲೆ ಎಲ್ಲೋ ಹೊರಗಿನದೊಂದು ಪ್ರಶ್ನೆ ಕೇಳಿದರು. "ನೀರು ಭಾಳ ಕುಡೀತೀರೇನು? ಮೇಲಿಂದ ಮೇಲೆ ಹೊರಗ ಹೋಗೂದು?"

ಅತ್ತೆ ಸಂಕೋಚದಿಂದ ತಲೆ ತಗ್ಗಿಸಿದರು. ನನಗೆ ತಟ್ಟನೆ ನೆನಪಾಯಿತು. "ಸಾಹೇಬರ, ನಮ್ಮ ಬಚ್ಚಲದಾಗ ಇರುವಿ ಮುಕರ್ತಾವ್ರಿ. ನಾ ದಿನಾ ಅರಿಷಿಣ ಹಾಕ್ತೇನಿ, ಮತ್ತ ಬರ್ತಾವು."

ಸಾಹೇಬರು ನನ್ನನ್ನು ನೋಡಿದರು. "ಬೇಟಿ, ಇರುವಿ ನನಗಿಂತ ಮೊದಲ ಟೆಸ್ಟ್ ಮಾಡ್ಯಾವು."

ಮೂತ್ರ ತರಿಸಿಕೊಂಡು, ಗಾಜಿನ ನಳಿಗೆಯಲ್ಲಿ ನೀಲಿ ಔಷಧದ ಜೊತೆ ಅದರ ಕೆಲವು ಹನಿ ಹಾಕಿ, ಸ್ಪಿರಿಟ್ ದೀಪದ ಮೇಲೆ ಕಾಯಿಸಿದರು. ಅತ್ತೆ ನಳಿಗೆಯನ್ನೇ ನೋಡುತ್ತಿದ್ದರು. ನೀಲಿ ಹಸಿರಾಯಿತು. ಹಸಿರು ಹಳದಿಯಾಯಿತು. ಕೊನೆಗೆ ಇಟ್ಟಂಗಿಯ ಕೆಂಪು.

"ಬಡೀ ಬೀಮಾರಿ ಅಲ್ಲ ಅಮ್ಮಾ. ಸಕ್ಕರಿ ಬೀಮಾರಿ. ಅದಕ್ಕ ಕಾಲಿನ ನರ ಸುಸ್ತ ಆಗ್ಯಾವು."

"ಇನ್ನೊಮ್ಮೆ ಹೇಳ್ರಿ."

ಇನ್ನೊಮ್ಮೆ ಹೇಳಿದರು. ಮೂರನೆಯ ಸಲವೂ ಹೇಳಿದರು, ಬೇಸರಿಸಿಕೊಳ್ಳದೆ.

"ಹಂಗಾರ ನನ್ನ ಮೊಮ್ಮಗಳನ್ನ ಎತ್ಕೋಬಹುದೇನ್ರಿ?"

"ಮೊದಲೂ ಎತ್ಕೋಬಹುದಿತ್ತು." ಸಾಹೇಬರು ನಳಿಗೆ ತೊಳೆಯುತ್ತ, ಸಹಜವಾಗಿ ಹೇಳಿದರು. "ಆ ಬೀಮಾರಿ ಇದ್ರೂ ಒಂದು ಸಲ ಕೈ ಮುಟ್ಟಿದ್ರ ಜಿಗದು ಬರೂ ಅಂಥಾದ್ದಲ್ಲ ಅದು. ಜನ ಸುಮ್ಮನ ಹೆದರ್ತಾರ. ಪಾಪ, ಮನುಷ್ಯಾರನ್ನ ಊರ ಹೊರಗ ಇಡ್ತಾರ."

ಸಂತೋಷದ ಸುದ್ದಿ ಎಂದು ನಾನು ಅತ್ತೆಯ ಮುಖ ನೋಡಿದೆ. ಅಲ್ಲಿ ಸಂತೋಷ ಇರಲಿಲ್ಲ. ಬಂದಿತ್ತು, ಹೋಗಿಬಿಟ್ಟಿತ್ತು.

ಚಕ್ಕಡಿಯಲ್ಲಿ ಅರ್ಧ ದಾರಿ ಬಂದೆವು. ಆಮೇಲೆ ಎತ್ತಿನ ಕೊರಳ ಗಂಟೆಯ ನಡುವೆ, ಯಾರಿಗೋ ಅಲ್ಲ, ತಮಗೆ ತಾವೇ ಎಂಬಂತೆ ಹೇಳಿದರು:

"ಹೋಗಬಹುದಿತ್ತು ನಾ. ಜಡಿ ಹೆಣಿಸ್ಕೊಂಡು ಬರಬಹುದಿತ್ತು."

ನೀವು ಹತ್ತು ವರ್ಷದ ಕೂಸು, ನಿಮಗೇನು ಗೊತ್ತಿತ್ತು ಎಂದೆ. ಹಿರಿಯರು ಹತ್ತಿರ ಹೋಗಬೇಡ ಎಂದಿದ್ದರು, ಓಡಿದಿರಿ ಎಂದೆ. ಎಲ್ಲವೂ ಖರೆ ಮಾತೇ. ಯಾವುದೂ ತಾಗಲಿಲ್ಲ. ಅವರ ಕೈ ಹಿಡಿದೆ. ಈ ಸಲ ಬಿಡಿಸಿಕೊಳ್ಳಲಿಲ್ಲ. ಅವರ ಕೈಗೆ ಸ್ಪರ್ಶ ಇತ್ತಲ್ಲ, ತಿರುಗಿ ಹಿಡಿದರು. ಐವತ್ತು ವರ್ಷ ತಡವಾಗಿ ಒಬ್ಬಳು ಅಕ್ಕನಿಗಾಗಿ ಅಳುವುದನ್ನು ನಾನು ನೋಡಿದೆ. ಚಕ್ಕಡಿಯವ ಹಿಂದಕ್ಕೆ ತಿರುಗಿ ನೋಡಲಿಲ್ಲ. ಒಳ್ಳೆಯವ.

ಸಾಹೇಬರು ಕೊಟ್ಟದ್ದು ಔಷಧಕ್ಕಿಂತ ಹೆಚ್ಚು ಕಟ್ಟಳೆ. ಬೆಲ್ಲ ಬಂದ್. ಹೋಳಿಗೆ ಬಂದ್. (ನಮ್ಮತ್ತೆಯ ಕೈ ಹೋಳಿಗೆ ತಿಂದವರಿಗೆ ಈ ಶಿಕ್ಷೆ ಎಷ್ಟೆಂದು ಗೊತ್ತು.) ಅನ್ನ ಒಂದು ಹಿಡಿ. ಬರಿಗಾಲಲ್ಲಿ ಒಂದು ಹೆಜ್ಜೆಯೂ ಬೇಡ, ಮನೆಯೊಳಗೂ ಬೇಡ; ಒತ್ತದಂಥ ಮೆತ್ತನೆಯದು ಏನಾದರೂ ಹಾಕಲಿ. ಮತ್ತು ದಿನಾ ಒಬ್ಬರು ಅವರ ಅಂಗಾಲನ್ನು ನೋಡಬೇಕು. ಕಾಲು ತಾನೇ ದೂರು ಹೇಳುವುದನ್ನು ಬಿಟ್ಟಿದೆ, ಅದರ ಪರವಾಗಿ ಇನ್ನೊಬ್ಬರ ಕಣ್ಣು ದೂರು ಹೇಳಬೇಕು.

ಮನೆಗೆ ಬಂದ ಮರುದಿನ ನೂಲಿನ ಉಂಡೆ, ಸೈಕಲ್ ಕಡ್ಡಿ ತೆಗೆದುಕೊಂಡು ಅತ್ತೆಯ ಮುಂದೆ ಕೂತೆ. ನಿಮ್ಮ ಕಾಗದಗಳನ್ನೂ ಓದಿ ಹೇಳಿದೆ. ಕಪ್ಪೆ, ಕರಡಿ, ಏಡಿ. ಏಡಿಗೆ ನಕ್ಕರು. ಗಿರಿಜಾ ಅವರ ತೊಡೆಯ ಮೇಲಿದ್ದಳು. ಎರಡು ತಿಂಗಳ ಬಾಕಿಯನ್ನು ಒಂದೇ ದಿನಕ್ಕೆ ವಸೂಲು ಮಾಡುವವಳಂತೆ ಬೆಳಗಿನಿಂದ ಇಳಿದೇ ಇರಲಿಲ್ಲ.

"ಯಾವ ಪ್ರಾಣಿ ಮಾಡ್ಲಿ ಅತ್ತೀ? ಈಗರ ಹೇಳ್ರಿ."

ಯೋಚಿಸಲೇ ಇಲ್ಲ. ದಾರಿಯಲ್ಲಿಯೇ ಯೋಚಿಸಿದ್ದರೆಂದು ಕಾಣುತ್ತದೆ.

"ಆಡಿನ ಮರಿ ಮಾಡು."

"ಆಡು?"

"ಕರೇದು. ಹಣಿ ಮ್ಯಾಲೆ ಬಿಳಿ ಬೊಟ್ಟು. ನಮ್ಮ ಹಿತ್ತಲದಾಗ ಇತ್ತು ಅಂಥಾದ್ದೊಂದು. ಹೊತ್ತು ಏರಿದ ಕೂಡಲೆ ಅಕ್ಕನ ಗುಡಸಲಕ್ಕ ಹೋಗ್ತಿತ್ತು, ಸಂಜಿಮುಂದ ತಿರುಗಿ ಬರ್ತಿತ್ತು. ಅಕ್ಕ ಅದರ ಮೈ ತಿಕ್ಕಿ ಕಳಸ್ತಿದ್ಲು. ಅದಕ್ಕ ಯಾರೂ ಬ್ಯಾಡ ಅನ್ನಲಿಲ್ಲ. ಅದಕ್ಕ ಏನೂ ಆಗಲೂ ಇಲ್ಲ."

ಎರಡು ದಿನ ಹೆಣೆದೆ. ತುದಿಯಲ್ಲಿ ಆರು ಕುಣಿಕೆಯಿಂದ ಶುರುಮಾಡಿ, ಸುತ್ತು ಸುತ್ತಿಗೂ ಕುಣಿಕೆ ಹೆಚ್ಚಿಸುತ್ತ ಪಾದದ ನಡುವಿನ ತನಕ ಬಂದೆ. ಗಾಯಕ್ಕೆ ಒತ್ತಬಾರದೆಂದು ಒಂದು ಬೆರಳು ಸಡಿಲ ಬಿಟ್ಟೆ. ಒಳಗಡೆ ಒಂದೂ ಗಂಟು ಬರಬಾರದು. ಬಂದರೆ ಅದು ಚುಚ್ಚುವುದು ಅವರಿಗೆ ಗೊತ್ತೇ ಆಗುವುದಿಲ್ಲ. ಹೆಣೆದ ಪ್ರತಿ ಸುತ್ತಿನ ಒಳಗೆ ನನ್ನ ಬೆರಳು ಆಡಿಸಿ ನೋಡಿದೆ. ತಳಕ್ಕೆ ಕಂಬಳಿ ಎರಡು ಪದರ. ಕಿವಿಗಳು ಜೋತುಬಿದ್ದವು. ಕೊಂಬು ಬಟಾಣಿಯಷ್ಟು. ಹಣೆಗೆ ಬಿಳಿ ಬೊಟ್ಟು. ಕಣ್ಣಿಗೆ ಗುಂಡಿ ಸಾಲದೆ, ನಮ್ಮವರು ಈ ಸಲ ಹರಿಯದ ಅಂಗಿಯಿಂದಲೇ ಕಿತ್ತುಕೊಟ್ಟರು.

ಹಾಕಿಕೊಂಡು ಪಡಸಾಲೆಯಲ್ಲಿ ಒಂದು ಸುತ್ತು ನಡೆದರು. ಗಿರಿಜಾ ಹಿಂದೆ ಹಿಂದೆ ‘ಮ್ಯಾ ಮ್ಯಾ’ ಎಂದು ಕೂಗುತ್ತ ನಡೆದಳು.

"ಮೆತ್ತಗದಾವೇನ್ರಿ?" ಎಂದು ಕೇಳಿ, ನಾಲಿಗೆ ಕಚ್ಚಿಕೊಂಡೆ. ಕೇಳಬಾರದ ಪ್ರಶ್ನೆ.

ಅತ್ತೆ ಬಾಗಿ ಒಂದು ಮರಿಯ ತಲೆಯ ಮೇಲೆ ಕೈಯಾಡಿಸಿದರು. "ಕೈಗೆ ಗೊತ್ತಾಕೈತಲ್ಲ. ಮೆತ್ತಗದಾವು."

ಇದನ್ನೆಲ್ಲ ಬರೆಯಲೇ ಎಂದು ಅತ್ತೆಯನ್ನು ಕೇಳಿಯೇ ಬರೆದಿದ್ದೇನೆ. "ಬರಿ. ಅಕ್ಕನ ಹೆಸರ ಹಾಕು. ದುಂಡವ್ವ ಅಂತ. ಆಕಿ ಹೆಸರ ಯಾರೂ ಎಲ್ಲೂ ಬರದಿಲ್ಲ." ಹಾಕಿದ್ದೇನೆ.

ಈಗ ದಿನಾ ಮುಂಜಾನೆ, ಬಿಸಿಲು ಕಟ್ಟೆಗೆ ಬಂದಾಗ, ಅತ್ತೆ ಕಾಲು ಚಾಚಿ ಕೂಡುತ್ತಾರೆ. ನಾನು ಒಂದು ಅಂಗಾಲು, ಗಿರಿಜಾ ಒಂದು ಅಂಗಾಲು. ಅವಳ ಕಣ್ಣು ನನಗಿಂತ ಚುರುಕು. ನಿನ್ನೆ ಸಾಸಿವೆಯಷ್ಟು ಗೀರು ಹುಡುಕಿದಳು.

ಹಬ್ಬ ಬಂದಾಗಲೆಲ್ಲ ಹಿರಿಯರ ಕಾಲು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ. ಎಂಟು ವರ್ಷ ನಾನೂ ತಪ್ಪದೆ ಒತ್ತಿಕೊಂಡೆ. ಪಾದದ ಮೇಲ್ಭಾಗ ನಮಗೆಲ್ಲ ಚೆನ್ನಾಗಿ ಗೊತ್ತು.

ನಿಮ್ಮ ಮನೆಯ ಹಿರಿಯರ ಅಂಗಾಲನ್ನು ನೀವು ಎಂದಾದರೂ ನೋಡಿದ್ದೀರಾ?